ಮಳೆಗಾಲದ ಕಲಾವಿದರನ್ನು ನಮ್ಮ ಶಾಲೆಗಳಿಗೆ ಕೊಡಿ: ಕೇರಳದ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕೇರಳ ಸರ್ಕಾರದ ಸಾರ್ವಜನಿಕ ಶಿಕ್ಷಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯವಳು. ನನ್ನ ಇಬ್ಬರು ಮಕ್ಕಳು ಕನ್ನಡ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ನಾನು ಆ ಶಾಲೆಯ ಪಿಟಿಎ (ಶಿಕ್ಷಕ-ಪೋಷಕ ಸಂಘ) ಸಮಿತಿಯಲ್ಲಿದ್ದೇನೆ. ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಗಡಿಭಾಗದ ನಮ್ಮ ಶಾಲೆಗಳಲ್ಲಿ ಯಕ್ಷಗಾನವನ್ನು, ಸಾಧ್ಯವಾದರೆ ಸಂಗೀತವನ್ನೂ, ವಾರದ ಟೈಮ್‌ಟೇಬಲಿಗೆ ಸೇರಿಸಿ. ಕಲಿಸುವವರು ಇಲ್ಲಿಯೇ ಇದ್ದಾರೆ. ಮಳೆಗಾಲದಲ್ಲಿ ಅವರಿಗೂ ಕೆಲಸ ಬೇಕಾಗಿದೆ.

ಶಾಲಾ ಮಕ್ಕಳ ಕಲಾಸ್ಪರ್ಧೆಗಳ ಕಲೋತ್ಸವ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಅದರ ಬಗ್ಗೆ ನಮಗೆ ಹೆಮ್ಮೆಯೂ ಇದೆ. 1957ರಲ್ಲಿ ಎರ್ನಾಕುಳದಲ್ಲಿ ಒಂದೇ ದಿನದ ಕಾರ್ಯಕ್ರಮವಾಗಿ ಶುರುವಾದದ್ದು ಇವತ್ತು ಇಡೀ ರಾಜ್ಯ ಟಿವಿ ಮುಂದೆ ಕೂತು ನೋಡುವ ಹಬ್ಬವಾಗಿದೆ. 1958ರ ಮೇಳದಲ್ಲಿ ಹಾಡಿ ಬಹುಮಾನ ಪಡೆದ ಹುಡುಗ ಯೇಸುದಾಸ್, ಮೃದಂಗದಲ್ಲಿ ಬಹುಮಾನ ಪಡೆದ ಹುಡುಗ ಪಿ. ಜಯಚಂದ್ರನ್. ಆ ಕಥೆ ಕೇಳದ ಮಲಯಾಳಿ ಇಲ್ಲ, ನಮ್ಮ ಕಡೆ ಕನ್ನಡಿಗರಿಗೂ ಗೊತ್ತು. 1991ರ ನಂತರ ಈ ಜಿಲ್ಲೆಗೆ ಮತ್ತೆ ರಾಜ್ಯ ಕಲೋತ್ಸವ ಬಂದದ್ದು 2019ರಲ್ಲಿ, ಕಾಞಂಗಾಡಿಗೆ. ಆಗ ನಮ್ಮೂರಿನಿಂದ ಜೀಪು ಮಾಡಿಕೊಂಡು ಹೋದವರಿದ್ದಾರೆ. ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅನ್ನುವುದು ನಮಗೆ ಸಣ್ಣ ಮಾತಲ್ಲ. ತಿರುವನಂತಪುರದ ಒಬ್ಬ ಪ್ರೇಕ್ಷಕ ಚೆಂಡೆಯ ಜೊತೆ ಕನ್ನಡ ಪದ ಕೇಳುವುದು ಹೆಚ್ಚಾಗಿ ಅಲ್ಲಿ ಮಾತ್ರ.

ಆದರೆ ಶಾಲೆಯ ಒಳಗೆ ನಡೆಯುವುದೇನು ಗೊತ್ತಾ? ಓಣಂ ರಜೆ ಮುಗಿದ ಮೇಲೆ ಯಾರಿಗೋ ನೆನಪಾಗುತ್ತದೆ. ಒಬ್ಬ ಗುರುಗಳಿಗೆ ಫೋನ್ ಹೋಗುತ್ತದೆ. ಅವರು ಬಂದು, ಮೊದಲೇ ಬೇರೆ ಕಡೆ ನಾಟ್ಯ ಕಲಿತ ಮಕ್ಕಳನ್ನು ಆರಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಇಷ್ಟು ಕಡಿಮೆ ಸಮಯದಲ್ಲಿ ಹೊಸಬರಿಗೆ ಹೆಜ್ಜೆ ಕಲಿಸುವುದಾದರೂ ಹೇಗೆ? ಆರಿಸಿದ ಮಕ್ಕಳಿಗೆ ಒಂದು ಪ್ರಸಂಗದ ತುಂಡನ್ನು ಬಾಯಿಪಾಠ ಮಾಡಿಸುತ್ತಾರೆ. ಪಿಟಿಎ ಚಂದಾ ಎತ್ತುತ್ತದೆ. ವೇಷದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ಬಣ್ಣ ಹಾಕುವವರಿಗೆ, ಬಸ್ಸಿಗೆ, ಊಟಕ್ಕೆ. ಉಪಜಿಲ್ಲೆ ದಾಟಿದರೆ ಮತ್ತೊಮ್ಮೆ ಚಂದಾ. ಎ ಗ್ರೇಡ್ ಬಂದರೆ ಫ್ಲೆಕ್ಸ್, ಬಾರದಿದ್ದರೆ ಅಪೀಲು. ಆಮೇಲೆ ಮುಂದಿನ ಓಣಂ ತನಕ ಶಾಲೆಯಲ್ಲಿ ಚೆಂಡೆಯ ಸದ್ದೇ ಇಲ್ಲ. ತಂಡಕ್ಕೆ ಆರಿಸಲ್ಪಡದ ಮಕ್ಕಳ ಕಥೆಯನ್ನಂತೂ ಕೇಳುವುದೇ ಬೇಡ. ನನ್ನ ಮಗ ಅವರಲ್ಲಿ ಒಬ್ಬ. 'ನೀನು ಚಪ್ಪಾಳೆ ತಟ್ಟು' ಅಂದರಂತೆ.

ಇನ್ನೊಂದು ತೊಂದರೆ ಇದೆ. ಸ್ಪರ್ಧೆಗೆ ಅಂತಲೇ ಕಲಿತ ಕಲೆ ಸ್ಪರ್ಧೆಗೆ ಬೇಕಾದ ಹಾಗೆಯೇ ಬದಲಾಗುತ್ತದೆ. ತೀರ್ಪುಗಾರರ ಕಣ್ಣಿಗೆ ಬೇಗ ಬೀಳುವುದು ಧೀಂಗಿಣ. ಇನ್‌ಸ್ಟಾಗ್ರಾಂನಲ್ಲಿ ಓಡುವುದೂ ಅದೇ. ಹಾಗಾಗಿ ಮಕ್ಕಳಿಗೆ ಯಕ್ಷಗಾನ ಅಂದರೆ ಗಿರಗಿರ ತಿರುಗುವುದು ಅಂತ ಆಗಿಬಿಟ್ಟಿದೆ. ಇಡೀ ರಾತ್ರಿಯ ಯಕ್ಷಗಾನದ ಆಟ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದು ಎಷ್ಟೋ ವರ್ಷ ಆಯಿತು. ಅದಕ್ಕೆ ನನ್ನ ತಕರಾರಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗುವವರು ನಾವೂ ಹೌದಲ್ವಾ. ಆದರೆ ಕಾಲಮಿತಿಯಲ್ಲೂ ಒಬ್ಬ ರಾಜ ಒಡ್ಡೋಲಗ ಕೊಟ್ಟು, ತನ್ನ ಪರಿಚಯ ಹೇಳಿ, ಯೋಚಿಸಿ, ತಪ್ಪು ಮಾಡಿ, ಸೋಲುವುದಕ್ಕೆ ಜಾಗ ಇರುತ್ತದೆ. ಸ್ಪರ್ಧೆಯ ಗಡಿಯಾರದಲ್ಲಿ ಆ ಜಾಗ ಇಲ್ಲ.

ಕಲೆಯಿಂದ ಮಕ್ಕಳಿಗೆ ಏನು ಪ್ರಯೋಜನ ಅಂತ ಭಾಷಣ ಮಾಡುವವರು ಸಾಮಾನ್ಯವಾಗಿ ಏಕಾಗ್ರತೆ, ವ್ಯಕ್ತಿತ್ವ ವಿಕಸನ, ಗಣಿತದಲ್ಲಿ ಒಳ್ಳೆಯ ಮಾರ್ಕು ಅಂತೆಲ್ಲ ಹೇಳುತ್ತಾರೆ. ನನಗೆ ಈ ಮಾತು ಸ್ವಲ್ಪ ಕಿರಿಕಿರಿ. ಗಣಿತ ಚೆನ್ನಾಗಿ ಬರಬೇಕಾದರೆ ಗಣಿತ ಮಾಡಲಿ. ಗ್ರೇಸ್ ಮಾರ್ಕಿಗಾಗಿ ಮೋಹಿನಿಯಾಟ್ಟಂ ಕಲಿತು, ಪ್ಲಸ್ ಟು ಮುಗಿದ ದಿನ ಗೆಜ್ಜೆ ಅಟ್ಟಕ್ಕೆ ಹಾಕಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರಿಗೆ ನೃತ್ಯ ಕೊಟ್ಟದ್ದೇನು, ಅವರಿಂದ ನೃತ್ಯಕ್ಕೆ ಸಿಕ್ಕಿದ್ದೇನು?

ನಾನು ಕಣ್ಣಾರೆ ಕಂಡ ಪ್ರಯೋಜನ ಬೇರೆ. ನಮ್ಮ ಪಕ್ಕದ ಊರಿನ ಒಂದು ಸಂಘದಲ್ಲಿ ಭಾನುವಾರ ನಾಟ್ಯ ತರಗತಿ ನಡೆಯುತ್ತದೆ. ಮಗಳು ಅಲ್ಲಿಗೆ ಹೋಗುತ್ತಾಳೆ. ಮೊದಲ ತಿಂಗಳುಗಳಲ್ಲಿ ಕುಣಿತ ಅಂತ ದೊಡ್ಡದೇನೂ ಇಲ್ಲ. ಬಾಯಿತಾಳ, ಕೈಯಲ್ಲಿ ತಾಳ, ಅದಕ್ಕೆ ಸರಿಯಾಗಿ ಹೆಜ್ಜೆ. ಏಕತಾಳದ ನಾಲ್ಕು, ರೂಪಕದ ಆರು, ತ್ರಿವುಡೆಯ ಏಳು, ಝಂಪೆಯ ಹತ್ತು. ಏಳಕ್ಕೆ ಹೆಜ್ಜೆ ಕೂರಿಸುವುದು ಮಕ್ಕಳಿಗೆ ಮೊದಲು ಹಿಂಸೆ. ಒಬ್ಬನ ಹೆಜ್ಜೆ ತಪ್ಪಿದರೆ ಸಾಲೇ ತಪ್ಪುತ್ತದೆ. ಮತ್ತೆ ಮೊದಲಿನಿಂದ. ಯಾರೂ ಬೈಯುವುದಿಲ್ಲ, ಯಾರಿಗೂ ರ‍್ಯಾಂಕ್ ಇಲ್ಲ, ಆದರೆ ಸರಿಯಾಗುವ ತನಕ ಮುಂದೆ ಹೋಗುವ ಹಾಗೂ ಇಲ್ಲ. ಟ್ಯೂಷನ್‌ನಲ್ಲಿ ಪೋರ್ಷನ್ ಓಡುತ್ತಲೇ ಇರುತ್ತದೆ, ಅರ್ಥವಾದವನಿಗೂ ಆಗದವನಿಗೂ ಒಂದೇ ವೇಗ. ಇಲ್ಲಿ ಹಾಗಲ್ಲ. ಕೊನೆಯವನು ಹಿಡಿಯುವ ತನಕ ಮೊದಲಿನವನೂ ಕಾಯಬೇಕು. ಕಾಯುತ್ತಾ ಅವನೂ ಇನ್ನಷ್ಟು ಗಟ್ಟಿಯಾಗುತ್ತಾನೆ.

ಆಮೇಲೆ ಅರ್ಥಗಾರಿಕೆ. ನನ್ನ ಪತ್ರದ ಜೀವ ಇದರಲ್ಲಿದೆ. ತಾವು ಕಥಕಳಿ ನೋಡಿದವರು. ಅಲ್ಲಿ ವೇಷಧಾರಿ ಮಾತಾಡುವುದಿಲ್ಲ, ಕೈಮುದ್ರೆಯಲ್ಲೇ ಎಲ್ಲ. ಯಕ್ಷಗಾನದಲ್ಲಿ ಭಾಗವತರು ಒಂದು ಪದ ಹಾಡಿದ ಮೇಲೆ ವೇಷಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಹೇಳಬೇಕು. ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನ ಪಾತ್ರಧಾರಿ ಏನು ಕೇಳುತ್ತಾನೆ ಅಂತಲೂ ಮೊದಲೇ ಗೊತ್ತಿರುವುದಿಲ್ಲ. ವೇಷ, ಕುಣಿತ ಎರಡೂ ಇಲ್ಲದೆ ಕುರ್ಚಿಯಲ್ಲಿ ಕೂತು ಬರೀ ಅರ್ಥ ಹೇಳಿದರೆ ಅದು ತಾಳಮದ್ದಳೆ. ಈ ವಿದ್ಯೆಯಲ್ಲಿ ತುಂಬಾ ಎತ್ತರಕ್ಕೆ ಏರಿದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರಿನ ಮೊದಲಿರುವ ಶೇಣಿ ನಿಮ್ಮದೇ ರಾಜ್ಯದ, ಇದೇ ಜಿಲ್ಲೆಯ ಒಂದು ಹಳ್ಳಿ.

ವಾಲಿಯ ಕಥೆ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬ ಬರೆದ ರಾಮಾಯಣ ಪ್ರಸಂಗಗಳಲ್ಲಿ ಅದೂ ಇದೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಜಗಳ? ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಎಂಟನೆಯ ಕ್ಲಾಸಿನ ಹುಡುಗಿ ಈ ವಾರ ವಾಲಿಯಾಗಿ ಇದನ್ನು ಕೇಳಬೇಕು. ಮುಂದಿನ ವಾರ ಅವಳೇ ರಾಮನಾಗಿ ಉತ್ತರ ಕೊಡಬೇಕು. ಎರಡು ಕಡೆಯಿಂದಲೂ ವಾದಿಸಿದ ಮಗುವಿಗೆ ಯಾರೋ ಫಾರ್ವರ್ಡ್ ಮಾಡಿದ ಮೆಸೇಜನ್ನು ಕಣ್ಣುಮುಚ್ಚಿ ನಂಬುವುದು ಕಷ್ಟ ಅಂತ ನನಗೆ ಅನ್ನಿಸುತ್ತದೆ. ಟಿವಿ ಚರ್ಚೆಯ ಹಾಗೆ ಕಿರುಚಿದರೆ ಇಲ್ಲಿ ನಡೆಯುವುದಿಲ್ಲ. ಎದುರಿನವರ ಮಾತು ಪೂರ್ತಿ ಕೇಳಿದರೆ ಮಾತ್ರ ನಿಮಗೆ ಉತ್ತರ ಹೊಳೆಯುತ್ತದೆ. ಕೇಳದೆ ಬಾಯಿಪಾಠ ಒಪ್ಪಿಸಿದರೆ ಸಭೆಯೇ ನಗುತ್ತದೆ.

ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ಅರ್ಥ ಹೇಳುವಾಗ ಇಂಗ್ಲಿಷ್ ನುಸುಳಬಾರದು. ಗಡಿಭಾಗದ ನಮ್ಮ ಮಕ್ಕಳಿಗೆ ಇದು ಎಷ್ಟು ದೊಡ್ಡ ಸವಾಲು ಅಂತ ಹೇಳುತ್ತೇನೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಮಲಯಾಳ. ಮೊಬೈಲಿನಲ್ಲಿ ಇಂಗ್ಲಿಷ್. ಎಲ್ಲವೂ ಬರುತ್ತದೆ, ಆದರೆ ಒಂದೇ ಭಾಷೆಯಲ್ಲಿ ಐದು ನಿಮಿಷ ನಿಂತು ಮಾತಾಡು ಅಂದರೆ ತಡವರಿಸುತ್ತಾರೆ. ನನ್ನ ಮಗಳ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಒಬ್ಬ ಹುಡುಗಿ ಇದ್ದಾಳೆ. ಅವಳು ಅಂಗದನ ಪಾತ್ರದಲ್ಲಿ 'ಟೈಮ್ ವೇಸ್ಟ್ ಮಾಡಬೇಡ ರಾವಣ' ಅಂದುಬಿಟ್ಟಳು. ಭಾಗವತರು ಜಾಗಟೆ ನಿಲ್ಲಿಸಿ ನಕ್ಕರು. ಈಗ ಅದೇ ಹುಡುಗಿಯ ಕನ್ನಡ ಕೇಳಿದರೆ ನಮ್ಮ ಶಾಲೆಯ ಮೇಷ್ಟ್ರುಗಳೂ ತಲೆದೂಗುತ್ತಾರೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸುವ ವಿಚಾರದಲ್ಲಿ ನಾವು ಎಷ್ಟು ಸಲ ಬೀದಿಗೆ ಇಳಿದಿದ್ದೇವೆ ಅಂತ ನಿಮ್ಮ ಇಲಾಖೆಗೆ ಗೊತ್ತು. ಅದನ್ನು ಇಲ್ಲಿ ಎಳೆಯುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಈ ಜಿಲ್ಲೆಯಲ್ಲಿ ಒಂದು ಮಗು ತುಂಬು ಕನ್ನಡದಲ್ಲಿ ಸ್ವಂತವಾಗಿ ಯೋಚಿಸಿ ಮಾತಾಡುವುದಕ್ಕೆ ಉಳಿದಿರುವ ಕೆಲವೇ ಜಾಗಗಳಲ್ಲಿ ಯಕ್ಷಗಾನ ಒಂದು.

ಇದು ಕನ್ನಡದವರ ಕಲೆ, ಕೇರಳಕ್ಕೇನು ಸಂಬಂಧ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನಮ್ಮ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ ಚೆಂಡೆಯೂ ನಿಮ್ಮ ಕೇರಳದ ಚೆಂಡವೂ ಒಂದೇ ಮನೆತನದವು. ಕಥಕಳಿಯ ಮೂಲರೂಪವಾದ ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟಂಗೂ ಪಾರ್ತಿಸುಬ್ಬನ ರಾಮಾಯಣಕ್ಕೂ ಎಷ್ಟು ಹೋಲಿಕೆ, ಯಾರು ಯಾರಿಂದ ತೆಗೆದುಕೊಂಡರು ಅಂತ ವಿದ್ವಾಂಸರು ಜಗಳ ಆಡುತ್ತಲೇ ಇದ್ದಾರೆ. ಆಡಲಿ. ಪಾಲಕ್ಕಾಡಿನಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಗು ಸರಳೆ, ಜಂಟಿ ಮುಗಿಸಿ ಮೊದಲು ಹಾಡುವುದು ಪುರಂದರದಾಸರ ಪಿಳ್ಳಾರಿ ಗೀತೆಯನ್ನೇ. ಇನ್ನು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಅವರ ಹೆಸರು ಓದುತ್ತಾರೆ, 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದಾಗಿ. ಕೇರಳ ಸರ್ಕಾರದ ವಿರುದ್ಧ ಕೋರ್ಟಿಗೆ ಹೋದವರು ಅವರು. ಆದರೆ 2020ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯವರಿಗೆ ಮೊದಲು ನೆನಪಾದದ್ದು ಕೋರ್ಟಲ್ಲ, ಅವರ ಹಾಡು. ಶಾಸ್ತ್ರೀಯ ಸಂಗೀತ ಹಾಡುತ್ತಿದ್ದರು, ಭಾಗವತಿಕೆಯನ್ನೂ ಮಾಡುತ್ತಿದ್ದರು.

ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಶಾಸ್ತ್ರೀಯ ನೃತ್ಯಗಳ ಎಂಟರ ಪಟ್ಟಿಯಲ್ಲಿ ಕಥಕಳಿ, ಮೋಹಿನಿಯಾಟ್ಟಂ ಎರಡೂ ಇವೆ. ಯಕ್ಷಗಾನ ಇಲ್ಲ. ಇರಬೇಕಿತ್ತೋ ಬೇಡವೋ, ಅದು ದೆಹಲಿಯ ಮಾತು. ತಾಳ, ರಾಗ, ಅಭಿನಯ, ಪುರಾಣ, ಇಷ್ಟೆಲ್ಲ ಬೇಡುವ ಕಲೆಯನ್ನು ಏನಂತ ಕರೆದರೂ ಮಗು ಕಲಿಯಬೇಕಾದದ್ದು ಕಡಿಮೆಯಾಗುವುದಿಲ್ಲ.

ಖಾಸಗಿ ತರಗತಿಗಳು ಇವೆಯಲ್ಲ, ಶಾಲೆಯೇ ಯಾಕೆ? ಯಾಕೆಂದರೆ ಈ ಕಲೆಗಳ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ಇದನ್ನು ನಾವು ಒಪ್ಪಿಕೊಳ್ಳಬೇಕು. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಾ ಬಂದರು. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದ್ದು ಈಚೆಗೆ, ಅದೂ ಊರ ಸಂಘಗಳಲ್ಲಿ ಮತ್ತು ಶಾಲೆಗಳಲ್ಲಿ. ಸಂಗೀತ ಕಲಿಯುವುದಕ್ಕೆ ಯಾರ ಮನೆಯ ಜಗಲಿಗೆ ಯಾರು ಹೋಗಬಹುದಿತ್ತು, ಯಾರು ಹೋಗುವ ಹಾಗಿರಲಿಲ್ಲ ಅಂತ ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಜಾತಿ ಕೇಳದಿದ್ದರೂ ಫೀಸು ಕೇಳುತ್ತಾರೆ. ಭರತನಾಟ್ಯದ ಒಂದು ಸೆಟ್ ಉಡುಪು, ಆಭರಣ, ಅರಂಗೇಟ್ರಂನ (ರಂಗಪ್ರವೇಶದ) ಖರ್ಚು ಕೂಲಿ ಕೆಲಸದವರ ಮನೆಗೆ ನಿಲುಕುವ ಸಂಗತಿಯಲ್ಲ. ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಮಾತ್ರ ಎಲ್ಲರ ಮಕ್ಕಳೂ ಒಟ್ಟಿಗೆ ಕೂರುತ್ತಾರೆ. ಕಥಕಳಿ ಸಂಗೀತದಲ್ಲಿ ಕಲಾಮಂಡಲಂ ಹೈದರಾಲಿ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಬಡ ಮುಸ್ಲಿಂ ಮನೆಯ ಹುಡುಗನಿಗೂ ಸೀಟು ಕೊಡುವ ಒಂದು ಕಲಾಶಾಲೆ, ಕೇರಳ ಕಲಾಮಂಡಲಂ, ಇತ್ತು. 1930ರಲ್ಲಿ ಕವಿ ವಳ್ಳತ್ತೋಳ್ ಅದನ್ನು ಕಟ್ಟದಿದ್ದರೆ ಆ ದನಿ ನಮಗೆ ಕೇಳುತ್ತಿರಲಿಲ್ಲ. ಯಕ್ಷಗಾನದಲ್ಲಿ ದೇವರ ಪೂಜೆ ಇದೆ, ಕೆಲವು ಮನೆಯವರಿಗೆ ಹಿಂಜರಿಕೆ ಇರಬಹುದು. ಅವರನ್ನು ಒತ್ತಾಯಿಸುವುದು ಬೇಡ. ಕಥೆ, ತಾಳ, ಮಾತು ಕಲಿಯುತ್ತೇನೆ ಅನ್ನುವ ಮಗುವಿಗೆ ಬೇಡ ಅನ್ನುವುದೂ ಬೇಡ.

ಈಗ ಲೆಕ್ಕಾಚಾರದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ಕಲಾಶಿಕ್ಷಣದ ಅರೆಕಾಲಿಕ ಶಿಕ್ಷಕರು ಸಿಗುವುದು ಮಕ್ಕಳ ಸಂಖ್ಯೆ ನೂರು ದಾಟಿದರೆ ಮಾತ್ರ. ನಮ್ಮ ಕಡೆಯ ಅದೆಷ್ಟೋ ಕನ್ನಡ ಶಾಲೆಗಳು ಆ ಗೆರೆಯ ಹತ್ತಿರವೂ ಬರುವುದಿಲ್ಲ. ಮಕ್ಕಳು ಕಡಿಮೆ ಅಂತ ಕಲೆ ಇಲ್ಲ. ಕಲೆ, ಆಟ ಏನೂ ಇಲ್ಲದ ಶಾಲೆ ಅಂತ ಮಕ್ಕಳು ಇನ್ನೂ ಕಡಿಮೆ. ಹಾಗಾಗಿ ಒಂದು ಶಾಲೆಗೆ ಒಬ್ಬರು ಅಂತ ನಾವು ಕೇಳುತ್ತಿಲ್ಲ. ಹತ್ತಿರದ ಮೂರು ನಾಲ್ಕು ಶಾಲೆಗಳಿಗೆ ಸೇರಿ ಒಬ್ಬ ಗುರುಗಳನ್ನು ಕೊಡಿ. ಸೋಮವಾರ ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ. ಅವರಿಗೆ ಗೌರವಧನ ತಿಂಗಳು ತಿಂಗಳು ಸರಿಯಾಗಿ ಸಿಗಲಿ, ವರ್ಷದ ಕೊನೆಗೆ ಒಟ್ಟಿಗೆ ಅಲ್ಲ.

ಜನ ಎಲ್ಲಿಂದ ಬರುತ್ತಾರೆ? ತೆಂಕುತಿಟ್ಟಿನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮುಂದಿನ ತಿರುಗಾಟದ ತನಕ ಹೆಚ್ಚಿನ ಕಲಾವಿದರಿಗೆ ಖಾಯಂ ಸಂಪಾದನೆ ಇಲ್ಲ. ಕೆಲವರು ಚಿಕ್ಕಮೇಳ ಅನ್ನುವ ಸಣ್ಣ ತಂಡ ಕಟ್ಟಿಕೊಂಡು ಮಳೆಯಲ್ಲಿ ಮನೆಮನೆ ಸುತ್ತುತ್ತಾರೆ, ಕೆಲವರು ತೋಟದ ಕೆಲಸಕ್ಕೆ, ಅಡುಗೆ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಶಾಲೆಗಳು ತೆರೆಯುವುದು ಜೂನ್ ಮೊದಲ ವಾರದಲ್ಲಿ. ಇವರಿಗೆ ಬಿಡುವಾಗುವ ಹೊತ್ತಿಗೇ ಮಕ್ಕಳಿಗೆ ಪಾಠ ಶುರು. ಇಷ್ಟು ಚೆನ್ನಾಗಿ ಹೊಂದುವ ಕ್ಯಾಲೆಂಡರನ್ನು ಯಾರೂ ಕೂತು ಮಾಡಿದ್ದಲ್ಲ, ಸುಮ್ನೆ ಬಿದ್ದುಕೊಂಡಿದೆ. ಅವರು ತಿರುಗಾಟಕ್ಕೆ ಹೊರಟ ಮೇಲೆ ಉಳಿದ ತಿಂಗಳುಗಳಿಗೆ ಊರಿನ ಹವ್ಯಾಸಿ ಭಾಗವತರು, ನಿವೃತ್ತ ಕಲಾವಿದರು ಸಿಗುತ್ತಾರೆ. ಆಗ ತಿಂಗಳಿಗೊಂದು ತಾಳಮದ್ದಳೆ ಮಾಡಿಸಿದರೂ ಸಾಕು. ಅದಕ್ಕೆ ವೇಷ ಬೇಡ, ಲೈಟು ಬೇಡ, ಬಾಡಿಗೆ ಬೇಡ. ಒಂದು ಚೆಂಡೆ, ಒಂದು ಮದ್ದಳೆ, ನಾಲ್ಕು ಕುರ್ಚಿ. ಶುಕ್ರವಾರ ಮಧ್ಯಾಹ್ನದ ಎರಡು ಪಿರಿಯಡ್.

ಒಂದೇ ಒಂದು ವಿಷಯದಲ್ಲಿ ನಿಯಮ ಸಡಿಲಿಸಬೇಕು. ಈ ಗುರುಗಳಲ್ಲಿ ಹೆಚ್ಚಿನವರ ಹತ್ತಿರ ಬಿ.ಎಡ್ ಇರುವುದಿಲ್ಲ, ಕೆ-ಟೆಟ್ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರುವುದಿಲ್ಲ. ಪಾರ್ತಿಸುಬ್ಬನೂ ಆ ಪರೀಕ್ಷೆ ಬರೆದಿರಲಿಲ್ಲ. ಮೇಳದಲ್ಲಿ ಕಳೆದ ತಿರುಗಾಟಗಳನ್ನೇ ಅರ್ಹತೆ ಅಂತ ಲೆಕ್ಕ ಹಿಡಿಯಿರಿ. ಪರೀಕ್ಷಿಸಬೇಕು ಅನ್ನಿಸಿದರೆ ಒಂದು ಕೋಣೆಯಲ್ಲಿ ಹತ್ತು ಮಕ್ಕಳನ್ನು ಕೊಟ್ಟು, ತ್ರಿವುಡೆ ಕಲಿಸಲು ಹೇಳಿ, ಒಬ್ಬ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂರಲಿ.

ಕಲೋತ್ಸವವನ್ನು ನಿಲ್ಲಿಸಿ ಅಂತ ನಾನು ಎಲ್ಲೂ ಹೇಳಿಲ್ಲ. ವರ್ಷವಿಡೀ ಕಲಿತ ಮಕ್ಕಳು ಇದ್ದರೆ ಅದರ ವೇದಿಕೆಗೂ ಕಳೆ ಬರುತ್ತದೆ. ಪೋಷಕರಿಗೂ ಒಂದು ಮಾತು ಹೇಳಬೇಕಿತ್ತು, ಎಸ್‌ಎಸ್‌ಎಲ್‌ಸಿ ಹತ್ತಿರ ಬಂದ ಕೂಡಲೇ ಮಗುವನ್ನು ನಾಟ್ಯ ತರಗತಿಯಿಂದ ಬಿಡಿಸುವ ನಮ್ಮ ಅಭ್ಯಾಸದ ಬಗ್ಗೆ. ಅದನ್ನು ಪಿಟಿಎ ಸಭೆಯಲ್ಲಿ ಹೇಳುತ್ತೇನೆ, ಬೈಗುಳವೂ ತಿನ್ನುತ್ತೇನೆ.

ಮೊದಲ ವರ್ಷ ಮಂಜೇಶ್ವರ, ಕುಂಬಳೆ, ಕಾಸರಗೋಡು ಈ ಮೂರು ಉಪಜಿಲ್ಲೆಗಳಲ್ಲಿ ಮಾತ್ರ ಮಾಡಿ ನೋಡಿ. ಜೂನ್‌ಗೆ ಶುರುವಾಗಬೇಕಾದರೆ ಕಲಾವಿದರ ಜೊತೆ ಮಾತುಕತೆ ಪತ್ತನಾಜೆಗಿಂತ ಮೊದಲೇ ಮುಗಿಯಬೇಕು, ಆಮೇಲೆ ಅವರು ಚಿಕ್ಕಮೇಳಕ್ಕೆ ಒಪ್ಪಿಕೊಂಡು ಬಿಡುತ್ತಾರೆ. ಆದೇಶ ಹೊರಡಿಸುವಾಗ ಮಲಯಾಳದ ಜೊತೆ ಒಂದು ಕನ್ನಡ ಪ್ರತಿಯನ್ನೂ ಕಳಿಸಿ. ಓದಬೇಕಾದವರು ಈ ಊರಿನ ಭಾಗವತರು.

ಇಂತಿ,
ಕುಂಬಳೆ ಉಪಜಿಲ್ಲೆಯ ಕನ್ನಡ ಶಾಲೆಯೊಂದರ ಪಿಟಿಎ ಸದಸ್ಯೆ